ಕಲಿಸದೆ ಸ್ಪರ್ಧೆ ಇಡುವುದು ಯಾವ ನ್ಯಾಯ? ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಗದಗ ಜಿಲ್ಲೆಯ ಒಬ್ಬ ಬೋರ್ಡ್ ಪೇಂಟರ್ ಮಾಡುವ ನಮಸ್ಕಾರಗಳು.

ಪ್ರತಿ ವರ್ಷ ನಿಮ್ಮ ಇಲಾಖೆ ಶಾಲಾ ಮಕ್ಕಳಿಗೆ ಪ್ರತಿಭಾ ಕಾರಂಜಿ ಅನ್ನುವ ಸ್ಪರ್ಧೆ ನಡೆಸುತ್ತದೆ. ಮೊದಲು ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪು, ಆಮೇಲೆ ತಾಲ್ಲೂಕು, ಜಿಲ್ಲೆ, ಕೊನೆಗೆ ರಾಜ್ಯ. ಚಿತ್ರಕಲೆ, ಕ್ಲೇ ಮಾಡೆಲಿಂಗ್, ಅಭಿನಯ ಗೀತೆ, ಲಘು ಸಂಗೀತ, ಜಾನಪದ ನೃತ್ಯ, ಭರತನಾಟ್ಯ, ಮಿಮಿಕ್ರಿ, ಗಝಲ್, ಕವ್ವಾಲಿ, ಏನುಂಟು ಏನಿಲ್ಲ. ಆ ಪಟ್ಟಿ ಓದಿದವರು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬೆಳಗಿನಿಂದ ಸಂಜೆವರೆಗೂ ಹಾಡು, ಕುಣಿತ, ಬಣ್ಣವೇ ತುಂಬಿದೆ ಅಂದುಕೊಳ್ಳಬೇಕು. ನನ್ನದು ಒಂದೇ ಪ್ರಶ್ನೆ ಸರ್. ಇದರಲ್ಲಿ ಯಾವುದನ್ನು ಶಾಲೆಯಲ್ಲಿ ಕಲಿಸುತ್ತೀರಿ?

ವರ್ಷಪೂರ್ತಿ ಗಣಿತ ಪಾಠ ಮಾಡದೆ ಸೀದಾ ಗಣಿತ ಪರೀಕ್ಷೆ ಇಟ್ಟರೆ ಊರವರು ಶಾಲೆಗೆ ಬೀಗ ಜಡಿದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಬರುವವರೆಗೂ ಏಳುವುದಿಲ್ಲ. ಕಲೆಯ ವಿಷಯದಲ್ಲಿ ಎರಡು ದಶಕಗಳಿಂದ ಅದೇ ನಡೆದಿದೆ. ಯಾರೂ ಬೀಗ ಹಾಕಿಲ್ಲ. ಉಲ್ಟಾ ಶಾಮಿಯಾನ ಹಾಕಿ, ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಬರುತ್ತೇವೆ.

ನಾನು ಶಿಕ್ಷಣ ತಜ್ಞ ಅಲ್ಲ. ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡುಗಳ ಕೆಲಸ ಹೆಚ್ಚುಕಡಿಮೆ ನಿಂತೇ ಹೋಯಿತು. ಈಗ ನನ್ನ ಮನೆ ನಡೆಯುತ್ತಿರುವುದು ಜಾಸ್ತಿ ನಿಮ್ಮ ಶಾಲೆಗಳಿಂದಲೇ. ಶಾಲೆಯ ಹೆಸರು, ಬಿಸಿಯೂಟದ ಮೆನು, ಸಂವಿಧಾನದ ಪೀಠಿಕೆ, ಕರ್ನಾಟಕದ ನಕ್ಷೆ, ಮಗ್ಗಿ, ಗೋಡೆ ತುಂಬ ರೈಲು ಬೋಗಿ. ಶಾಲೆಗೆ ರೈಲಿನ ಬಣ್ಣ ಬಳಿಯುವುದು ಈಗ ಎಲ್ಲ ಕಡೆ ನಡೆದಿದೆ, ನೀವೂ ನೋಡಿರುತ್ತೀರಿ. ಹಾಗಾಗಿ ಬಹಳ ಶಾಲೆಗಳ ಒಳಗೆ ದಿನಗಟ್ಟಲೆ ಇದ್ದೇನೆ. ಇನ್‌ಸ್ಪೆಕ್ಷನ್‌ಗೆ ಬರುವ ಅಧಿಕಾರಿಗಳ ಎದುರು ಶಾಲೆ ಬೇರೆ ಥರ ಇರುತ್ತದೆ. ಏಣಿ ಮೇಲೆ ನಿಂತ ಪೇಂಟರ್ ಎದುರು ಯಾರೂ ನಾಟಕ ಆಡುವುದಿಲ್ಲ.

ನಾನು ಡಬ್ಬಿ ಬಿಚ್ಚಿದರೆ ಸಾಕು, ಮಕ್ಕಳು ಸುತ್ತ ನೆರೆಯುತ್ತಾರೆ. ಮೊದಲು ನೂಲಿಗೆ ಸುಣ್ಣದ ಪುಡಿ ಸವರಿ, ಎರಡೂ ತುದಿ ಎಳೆದು ಹಿಡಿದು ಒಮ್ಮೆ ಮೀಟುತ್ತೇನೆ. ಗೋಡೆ ಮೇಲೆ ನೇರ ಗೆರೆ ಮೂಡುತ್ತದೆ. ಅಷ್ಟಕ್ಕೇ ಚಪ್ಪಾಳೆ. ನಕ್ಷೆ ಬರೆಯುವಾಗ ಪುಸ್ತಕದ ನಕ್ಷೆಗೆ ಸಣ್ಣ ಚೌಕ, ಗೋಡೆಗೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿ, ಒಂದೊಂದೇ ಚೌಕದಲ್ಲಿರುವ ಗೆರೆ ದಾಟಿಸುತ್ತಾ ಹೋಗುತ್ತೇನೆ. ಒಂದು ಶಾಲೆಯಲ್ಲಿ ಆರನೇ ತರಗತಿಯ ಹುಡುಗ ಬಹಳ ಹೊತ್ತು ಸುಮ್ನೆ ನೋಡುತ್ತಾ ನಿಂತಿದ್ದ. ಆಮೇಲೆ, "ಅಣ್ಣಾ, ಪುಸ್ತಕದಾಗಿನ ಒಂದು ಚೌಕ ಗೋಡಿ ಮ್ಯಾಲೆ ಎಷ್ಟು ಪಟ್ಟು ಆಗೇತಿ?" ಅಂತ ಕೇಳಿದ. ನೀನೇ ಅಳೆದು ಹೇಳು ಅಂದೆ. ಸ್ಕೇಲು ಕಂಪಾಸು ಪೆಟ್ಟಿಗೆಯಲ್ಲಿತ್ತು. ಅಳೆದ. ಹದಿನೈದು ಪಟ್ಟು ಅಂದ. ಹಾಗಾದರೆ ಬೀದರ್ ಎಲ್ಲಿ ಬರಬೇಕು, ಚಾಮರಾಜನಗರ ಎಲ್ಲಿಗೆ ಮುಗಿಯಬೇಕು ಅಂತ ಅವನೇ ಲೆಕ್ಕ ಹಾಕಿ ಗುರುತು ಮಾಡಿದ. ಬ್ರಷ್ ಕೊಟ್ಟೆ. ಕರಾವಳಿ ಗೆರೆ ಅರ್ಧ ಅವನೇ ಎಳೆದ, ಕೈ ನಡುಗದ ಹಾಗೆ ಇನ್ನೊಂದು ಕೈಯನ್ನು ಆಸರೆ ಕೊಟ್ಟು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ನನ್ನನ್ನು ನೋಡಿ ಕಲಿತಿದ್ದ. ಅಷ್ಟರಲ್ಲಿ ಒಬ್ಬ ಮೇಷ್ಟ್ರು ಬಂದು, "ಏಯ್, ನಡೀರಿ ಒಳಗ, ಅನುಪಾತದ ಲೆಕ್ಕ ಮುಗಸೂದೈತಿ" ಅಂತ ಎಲ್ಲರನ್ನೂ ಓಡಿಸಿದರು.

ಅವರದೂ ತಪ್ಪಿಲ್ಲ ಬಿಡಿ. ಮೇಲಿನಿಂದ ಸಿಲಬಸ್ ಎಲ್ಲಿಗೆ ಬಂತು ಅಂತ ಫೋನು ಬರುತ್ತದೆ. ಬೀದರ್ ಎಲ್ಲಿಗೆ ಬಂತು ಅಂತ ಯಾರೂ ಕೇಳುವುದಿಲ್ಲ.

ಇಲ್ಲೊಂದು ಮಾತು ಸೇರಿಸುತ್ತೇನೆ. ಕಲೆ ಕಲಿತರೆ ಗಣಿತ ಚೆನ್ನಾಗಿ ಬರುತ್ತದೆ ಎಂದು ಹೇಳಿದರೆ ಅಧಿಕಾರಿಗಳಿಗೆ ಖುಷಿಯಾಗುತ್ತದೆ, ಅದಕ್ಕೇ ಈ ಕಥೆ ಮೊದಲು ಹೇಳಿದೆ. ಆದರೆ ನನ್ನ ವಾದ ಅದಲ್ಲ. ಗಣಿತಕ್ಕೆ ಉಪಯೋಗ ಆಗಲಿ ಬಿಡಲಿ, ಚಿತ್ರ ಬರೆಯಲು ಕಲಿಯುವುದು, ಹಾಡಲು ಕಲಿಯುವುದು, ಹತ್ತು ಜನರ ಎದುರು ನಿಂತು ಇನ್ನೊಬ್ಬನ ಪಾತ್ರ ಮಾಡುವುದು ಮಗುವಿಗೆ ಸಿಗಬೇಕಾದ್ದೇ. ಈಗ ಕಲೆಯನ್ನು ಬೇರೆ ವಿಷಯಗಳ ಜೊತೆ ಬೆರೆಸಿ ಕಲಿಸಿ ಎನ್ನುವ ಮಾತು ಜೋರಾಗಿದೆ. ಒಳ್ಳೆಯದೇ. ಆದರೆ ವಿಜ್ಞಾನದ ಪಾಠದಲ್ಲಿ ಹೂವಿನ ಭಾಗಗಳ ಚಿತ್ರ ಬಿಡಿಸಿ ಹೆಸರು ಬರೆದರೆ ಕಲಾ ಶಿಕ್ಷಣ ಮುಗಿಯಿತು ಅಂತ ಆದರೆ ಕಷ್ಟ. ಹಾಗೆ ಆಗುವ ಲಕ್ಷಣ ಈಗಾಗಲೇ ಕಾಣುತ್ತಿದೆ.

ಹಾಗಾದರೆ ಕಲಾ ಶಿಕ್ಷಣ ಅಂದರೆ ಏನು? ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನಮ್ಮ ಹೈಸ್ಕೂಲಿನಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರು ಇದ್ದರು. ಟೇಬಲ್ ಮೇಲೆ ಹಿತ್ತಾಳೆ ತಂಬಿಗೆ ಇಟ್ಟು ಬರೆಯಿರಿ ಅನ್ನುತ್ತಿದ್ದರು. ನಾವೆಲ್ಲ ತಂಬಿಗೆಯ ಬಾಯಿ ಗುಂಡಗೆ ಅಂತ ಗೊತ್ತಿದ್ದರಿಂದ ಗುಂಡಗೆ ಬರೆಯುತ್ತಿದ್ದೆವು. ಮಾಸ್ತರು ಬಂದು ಪೆನ್ಸಿಲ್ ಉದ್ದಕ್ಕೆ ಹಿಡಿಸಿ, ಒಂದು ಕಣ್ಣು ಮುಚ್ಚಿಸಿ, "ಗೊತ್ತಿದ್ದದ್ದು ಬರೀಬ್ಯಾಡ, ಕಂಡದ್ದು ಬರಿ" ಅನ್ನುತ್ತಿದ್ದರು. ನೋಡಿದರೆ ಬಾಯಿ ಗುಂಡಗೆ ಇಲ್ಲವೇ ಇಲ್ಲ, ಉದ್ದಕ್ಕೆ ಚಪ್ಪಟೆಯಾಗಿದೆ. ಮುಂದಿನ ಬೆಂಚಿನವನಿಗೆ ಅದು ಅಗಲವಾಗಿ ಕಾಣುತ್ತದೆ, ಹಿಂದಿನ ಬೆಂಚಿನವನಿಗೆ ಬರೀ ಗೆರೆ. ತರಗತಿಯಲ್ಲಿ ಎಷ್ಟು ಮಕ್ಕಳೋ ಅಷ್ಟು ತಂಬಿಗೆ, ಎಲ್ಲವೂ ಸರಿ. ಇಡೀ ಶಾಲೆಯಲ್ಲಿ ಪಕ್ಕದವನ ಉತ್ತರ ಬೇರೆ, ನನ್ನದು ಬೇರೆ, ಆದರೂ ಇಬ್ಬರದೂ ಸರಿ ಅಂತ ಆಗುತ್ತಿದ್ದ ಒಂದೇ ಪೀರಿಯಡ್ ಅದು. ಕಾಪಿ ಹೊಡೆಯಲಿಕ್ಕೂ ಬರುತ್ತಿರಲಿಲ್ಲ, ಯಾಕಂದರೆ ಪಕ್ಕದವನ ತಂಬಿಗೆ ನನ್ನ ಜಾಗದಿಂದ ಕಾಣುತ್ತಲೇ ಇರಲಿಲ್ಲ.

ಮಾಸ್ತರು ನಿವೃತ್ತರಾದರು. ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಶಾಲೆಯ ಹೆಸರು ಬರೆಯುವುದಿಲ್ಲ, ಬರೆದು ಪ್ರಯೋಜನವೂ ಇಲ್ಲ, ಯಾಕಂದರೆ ಇದು ಒಂದು ಶಾಲೆಯ ಕಥೆ ಅಲ್ಲ. ನಾನು ಕೆಲಸಕ್ಕೆ ಹೋಗುವ ಕಡೆಯಲ್ಲೆಲ್ಲ ಚಿತ್ರಕಲಾ ಶಿಕ್ಷಕರು, ಸಂಗೀತ ಶಿಕ್ಷಕರು ಅಂದರೆ "ಇದ್ದರು" ಅಂತಲೇ ಮಾತು ಶುರುವಾಗುತ್ತದೆ. ಇರುವ ಕೆಲವರಿಗೂ ಗಣತಿ ಕೆಲಸ, ಚುನಾವಣೆ ಕೆಲಸ, ವೇದಿಕೆ ಅಲಂಕಾರ, ಆಗಸ್ಟ್ 15ರ ರಂಗೋಲಿ. ರಜೆ ಹಾಕಿದವರ ಕ್ಲಾಸಿಗೆ ಹೋಗಿ ಗಲಾಟೆ ಆಗದ ಹಾಗೆ ನೋಡಿಕೊಳ್ಳುವುದು ಬೇರೆ.

ಪೀರಿಯಡ್ ಕಥೆ ಇನ್ನೂ ಚೆನ್ನಾಗಿದೆ. ಟೈಮ್ ಟೇಬಲ್ಲಿನಲ್ಲಿ ಕಲಾ ಶಿಕ್ಷಣ ಅಂತ ಇರುತ್ತದೆ. ಆ ಟೈಮ್ ಟೇಬಲ್ಲನ್ನು ಚೆಂದಾಗಿ ಬಣ್ಣದಲ್ಲಿ ನಾನೇ ಬರೆದುಕೊಟ್ಟಿರುತ್ತೇನೆ! ದಿನದ ಕೊನೆಯ ಪೀರಿಯಡ್ಡು, ಅದೂ ಮಧ್ಯಾಹ್ನದ ಸೆಕೆಯಲ್ಲಿ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಂತೆ ಅದನ್ನು ಗಣಿತದವರು ತಗೊಳ್ಳುತ್ತಾರೆ, ಉಳಿದರೆ ಇಂಗ್ಲಿಷಿನವರು. ಮಕ್ಕಳು "ಸರ, ಇವತ್ತು ಡ್ರಾಯಿಂಗ್ ಐತಿ" ಅಂತ ಮೆಲ್ಲಗೆ ನೆನಪು ಮಾಡಿದರೆ "ಡ್ರಾಯಿಂಗ್ ಹೊಟ್ಟಿಗಿ ಹಾಕ್ತೈತೇನ್ರಲೇ" ಅನ್ನುವ ಉತ್ತರ. ಏಣಿ ಮೇಲೆ ನಿಂತು ಈ ಮಾತು ಕೇಳಿಸಿಕೊಂಡಾಗ ನನಗೆ ನಗು ಬರುತ್ತದೆ. ನನ್ನ ಹೊಟ್ಟೆಗೆ ಇಷ್ಟು ವರ್ಷ ಹಾಕಿದ್ದು ಅದೇ ಅಲ್ವಾ.

ವರ್ಷದ ಕೊನೆಗೆ ಸಿಸಿಇ, ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ದಾಖಲೆ ತುಂಬುವಾಗ ಕಲಾ ಶಿಕ್ಷಣದ ಕಾಲಂ ಕೂಡ ಬರುತ್ತದೆ. ಎಲ್ಲರಿಗೂ 'ಎ'. ಕಲಿಸಿಲ್ಲ, ಕಲಿತಿಲ್ಲ, ಆದರೂ ಎಲ್ಲರೂ ಪಾಸು. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳದ್ದೂ ಅದೇ ಹಣೆಬರಹ. ಲೋಯರ್, ಹೈಯರ್ ಅಂತ ಸರ್ಕಾರವೇ ಪರೀಕ್ಷೆ ಇಟ್ಟಿದೆ. ಕಟ್ಟಬೇಕು ಅನ್ನುವ ಮಗು ಕಲಿಯುವುದು ಎಲ್ಲಿ? ಪೇಟೆಯಲ್ಲಿ ದುಡ್ಡು ಕೊಟ್ಟು, ಟ್ಯೂಷನ್ನಿನಲ್ಲಿ.

ನಾನು ಹೊಸದೇನೂ ಕೇಳುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅಂತ ಅದರಲ್ಲೇ ಇದೆ. ಅದಕ್ಕೂ ಮೊದಲು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೂ ಕಲೆ ಕಡ್ಡಾಯ ಇರಲಿ ಅಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಪಠ್ಯ ಮತ್ತು ಪಠ್ಯೇತರ ಅಂತ ಗೋಡೆ ಬೇಡ ಅಂದಿತು. ಆ ನೀತಿ ನಮಗೆ ಬೇಡ ಅಂತ ನಮ್ಮ ರಾಜ್ಯ ತನ್ನದೇ ಆಯೋಗ ಮಾಡಿತು, 2025ರ ಆಗಸ್ಟ್‌ನಲ್ಲಿ ಅದರ ವರದಿಯೂ ನಿಮ್ಮ ಸರ್ಕಾರದ ಕೈ ಸೇರಿತು. ಎರಡು ಭಾಷೆಯೋ ಮೂರು ಭಾಷೆಯೋ ಅಂತ ಟಿವಿಯವರು ವಾರಗಟ್ಟಲೆ ಜಗಳ ಆಡಿದರು. ಡ್ರಾಯಿಂಗ್ ಪೀರಿಯಡ್ ಏನಾಯಿತು ಅಂತ ಕೇಳಿದ ಒಬ್ಬರನ್ನೂ ನಾನು ನೋಡಲಿಲ್ಲ. ಯಾವ ಸರ್ಕಾರ ಬರಲಿ, ಯಾವ ನೀತಿ ಬರಲಿ, ಕಲೆ ಬೇಕು ಅನ್ನುವ ವಾಕ್ಯ ಮಾತ್ರ ತಪ್ಪದೇ ಇರುತ್ತದೆ. ಕಲಿಸುವ ಮನುಷ್ಯ ಇರುವುದಿಲ್ಲ.

ಆ ನೂರು ಮಕ್ಕಳ ನಿಯಮದಲ್ಲೂ ಒಂದು ತೊಡಕಿದೆ. ನಮ್ಮ ಕಡೆ ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ 6ರಿಂದ 8 ಸೇರಿಸಿದರೂ ನೂರು ದಾಟುವುದು ಕಡಿಮೆ. ಅಂದರೆ ದೊಡ್ಡೂರಿನ ಮಗುವಿಗೆ ಹಕ್ಕಿದೆ, ಸಣ್ಣ ಊರಿನ ಮಗುವಿಗೆ ಇಲ್ಲ. ಇದಕ್ಕೆ ದೊಡ್ಡ ಪರಿಹಾರ ಏನೂ ಬೇಡ. ಕ್ಲಸ್ಟರ್ ಅಂತ ಒಂದು ವ್ಯವಸ್ಥೆ ಹೇಗೂ ಇದೆ, ಮೀಟಿಂಗಿಗೆ ಮತ್ತು ಮಾಹಿತಿ ಕೇಳುವುದಕ್ಕೆ ಅದನ್ನು ಬಳಸುತ್ತೀರಿ. ಒಂದು ಕ್ಲಸ್ಟರಿಗೆ ಒಬ್ಬ ಚಿತ್ರಕಲಾ ಶಿಕ್ಷಕರು, ಒಬ್ಬ ಸಂಗೀತ ಅಥವಾ ನಾಟಕ ಶಿಕ್ಷಕರು ಇರಲಿ. ಸೋಮವಾರ ಒಂದು ಶಾಲೆ, ಮಂಗಳವಾರ ಇನ್ನೊಂದು. ವಾರಕ್ಕೊಮ್ಮೆ ಬಂದರೂ ಸಾಕು, ಆದರೆ ಬರಬೇಕು, ಮತ್ತು ಬಂದ ದಿನ ಎರಡು ಪೀರಿಯಡ್ ಒಟ್ಟಿಗೆ ಸಿಗಬೇಕು. ನಲವತ್ತು ನಿಮಿಷದಲ್ಲಿ ಬಣ್ಣ ಕಲಸಿ, ಬರೆದು, ಕೈ ತೊಳೆದು ಬರಲು ಯಾರಿಗೂ ಆಗುವುದಿಲ್ಲ, ಇದು ನನ್ನ ಕಸುಬಿನ ಮಾತು.

"ನಮ್ಮ ಮಕ್ಕಳಿಗೆ ಸರಿಯಾಗಿ ಓದಲಿಕ್ಕೇ ಬರುವುದಿಲ್ಲ, ಮೊದಲು ಅದು ಆಗಲಿ" ಅನ್ನುವವರು ಬಹಳ ಇದ್ದಾರೆ. ಅವರಿಗೆ ಉತ್ತರ ನಿಮ್ಮದೇ ಇಲಾಖೆಯಲ್ಲಿದೆ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ನಲಿಕಲಿ ಶುರು ಮಾಡಿದಾಗ ಹಾಡು, ಕಥೆ, ಚಿತ್ರ, ಆಟದ ಮೂಲಕವೇ ಅಕ್ಷರ ಕಲಿಸಲು ಹೊರಟರು. ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಲಿಕಲಿ ಕೋಣೆಗೆ ಹೋದರೆ ನನಗೆ ಈಗಲೂ ಖುಷಿ. ಗೋಡೆಯ ಕೆಳಗಡೆ ಮಕ್ಕಳ ಕೈಗೆಟುಕುವ ಕಪ್ಪುಹಲಗೆ, ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ನೇತು ಬಿಟ್ಟ ಮಕ್ಕಳ ಚಿತ್ರಗಳು. ಆನೆಗೆ ಐದು ಕಾಲು ಇದ್ದರೂ ಯಾರೂ ಕೆಂಪು ಪೆನ್ನು ಹಾಕಿರುವುದಿಲ್ಲ. ಮೂರನೇ ತರಗತಿವರೆಗೆ ಇಷ್ಟೆಲ್ಲ ಇರುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಚಪ್ಪರ ಇಲ್ಲ, ಹಾಡಿಲ್ಲ, ಮಗು ಬೆಂಚಿನಲ್ಲಿ ಕೂತು ಬೋರ್ಡ್ ನೋಡಿ ಕಾಪಿ ಮಾಡಬೇಕು. ಮೂರು ವರ್ಷ ಕಲಿಕೆಗೆ ಇದೇ ದಾರಿ ಅಂತ ನಂಬಿಸಿದ ಇಲಾಖೆಯೇ ನಾಲ್ಕನೇ ವರ್ಷ ಇದೆಲ್ಲ ಟೈಮ್ ವೇಸ್ಟ್ ಅಂದರೆ ಮಗು ಯಾವುದನ್ನು ನಂಬಬೇಕು?

ಕನ್ನಡದ ಪಾಠವನ್ನೇ ತಗೊಳ್ಳಿ. ಕುಮಾರವ್ಯಾಸ ಭಾರತ ಬರೆದದ್ದು ನಮ್ಮ ಗದಗದ ವೀರನಾರಾಯಣನ ಗುಡಿಯಲ್ಲಿ ಕೂತು ಅಂತ ನಮಗೆಲ್ಲ ಹೆಮ್ಮೆ. ಹೈಸ್ಕೂಲಿನಲ್ಲಿ ಭಾಮಿನಿ ಷಟ್ಪದಿಯ ಲಕ್ಷಣ ಕಲಿಸುತ್ತಾರೆ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ 23, ಒಟ್ಟು 102. ಮಕ್ಕಳು ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಅಂಕ ತಗೊಂಡು ಮುಂದೆ ಹೋಗುತ್ತಾರೆ. ಆ ಪದ್ಯವನ್ನು ಯಾರಾದರೂ ಹಾಡಿದ್ದನ್ನು ಅವರು ಕೇಳಿಯೇ ಇರುವುದಿಲ್ಲ. ಮೂರು-ನಾಲ್ಕು-ಮೂರು-ನಾಲ್ಕು ಅಂತ ಬೆಂಚು ಬಡಿಯುತ್ತಾ ಹೇಳಿಸಿದರೆ ಐದನೇ ತರಗತಿಯ ಮಗುವಿಗೂ ಹತ್ತು ನಿಮಿಷದಲ್ಲಿ ಭಾಮಿನಿ ಹಿಡಿಯುತ್ತದೆ. ಆಮೇಲೆ ಪ್ರಸ್ತಾರ ತಾನಾಗಿ ಬರುತ್ತದೆ, ಯಾಕಂದರೆ ತಪ್ಪಿದರೆ ಕಿವಿಗೇ ಗೊತ್ತಾಗುತ್ತದೆ. ನಮ್ಮಲ್ಲಿ ಕಾವ್ಯವನ್ನು ರಾಗವಾಗಿ ಹಾಡಿ ಓದುವ ಗಮಕ ಅಂತ ಒಂದು ಕಲೆಯೇ ಇದೆ. ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಪದ್ಮಶ್ರೀ ಕೊಡುವಷ್ಟು ದೊಡ್ಡ ಕಲೆ, ಆದರೆ ಪದ್ಯ ಪಾಠ ಮಾಡುವ ಕೋಣೆಯೊಳಗೆ ಅದಕ್ಕೆ ಜಾಗ ಇಲ್ಲ. ನಾಟಕದ ಪಾಠವೂ ಅಷ್ಟೇ. ಬೆಂಚಿನಿಂದ ಒಬ್ಬರನ್ನೂ ಎಬ್ಬಿಸದೆ "ಯಾರು ಯಾರಿಗೆ ಹೇಳಿದರು" ಬರೆಸಿ ಮುಗಿಸುತ್ತಾರೆ.

"ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬರುತ್ತಾರೆ" ಅನ್ನುವ ಇನ್ನೊಂದು ಮಾತಿದೆ. ನಮ್ಮ ಊರ ಕಡೆ ಇದಕ್ಕೆ ಭೀಮಸೇನ ಜೋಶಿಯವರ ಉದಾಹರಣೆ ಕೊಡುತ್ತಾರೆ. ತಂದೆ ಮಾಸ್ತರು, ಹುಡುಗನಿಗೆ ಹಾಡಿನ ಹುಚ್ಚು, 1933ರಲ್ಲಿ ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದರು, ಮುಂದೆ ಭಾರತರತ್ನ ಆದರು. ಕೇಳಲು ಚೆನ್ನಾಗಿದೆ. ಆದರೆ ಓಡಿಹೋಗಿ ಏನೂ ಆಗದೆ ಉಳಿದವರ ಲೆಕ್ಕ ಯಾರು ಇಟ್ಟಿದ್ದಾರೆ? ಓಡಿಹೋಗಲು ಧೈರ್ಯ ಸಾಲದ ಹುಡುಗರದ್ದು? ಓಡಿಹೋಗುವ ಮಾತೇ ಇಲ್ಲದ ಹುಡುಗಿಯರದ್ದು? ಹನ್ನೊಂದು ವರ್ಷದ ಮಗು ಮನೆ ಬಿಟ್ಟು ಹೋಗದೆ ಸ್ವರ ಕಲಿಯಲಿ ಅಂತಲೇ ಅಲ್ವಾ ಊರಿಗೊಂದು ಶಾಲೆ ಇರುವುದು. ಅದೇ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ತಾವೇ ಕಣ್ಣಿಲ್ಲದವರಾಗಿದ್ದ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಅಂಧ ಮಕ್ಕಳನ್ನು, ಬಡವರ ಮಕ್ಕಳನ್ನು ಕರೆದು ಊಟ ಹಾಕಿ ಸಂಗೀತ ಕಲಿಸಿದರು. ಅಲ್ಲಿ ಕಲಿಸುವುದು ಮೊದಲು, ಕಛೇರಿ ಆಮೇಲೆ.

ಈಗ ಮತ್ತೆ ಪ್ರತಿಭಾ ಕಾರಂಜಿಗೆ ಬರುತ್ತೇನೆ, ಯಾಕಂದರೆ ಅಲ್ಲಿ ಈ ಅನ್ಯಾಯ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಜಾನಪದ ನೃತ್ಯದಲ್ಲಿ ದುಡ್ಡಿದ್ದ ಶಾಲೆಯವರು ಡ್ಯಾನ್ಸ್ ಮಾಸ್ಟರ್ ಕರೆಸಿ, ಬಾಡಿಗೆ ಡ್ರೆಸ್ ತರಿಸಿ, ತಿಂಗಳು ಮೊದಲೇ ತಯಾರಿ ಮಾಡಿಸಿರುತ್ತಾರೆ. ಹಳ್ಳಿ ಶಾಲೆಯ ಹುಡುಗಿಯರು ಟೀಚರ್ ಮೊಬೈಲಿನಲ್ಲಿ ಯೂಟ್ಯೂಬ್ ನೋಡಿ ಕಲಿತು, ಅಕ್ಕನ ಸೀರೆ ಉಟ್ಟು ಬಂದಿರುತ್ತಾರೆ. ಅವರ ಓಣಿಯಲ್ಲೇ ಕೋಲಾಟದ ಪದ ಹಾಡುವ ಅಜ್ಜಿ ಇರುತ್ತಾಳೆ. ಆದರೆ ಅಜ್ಜಿಯನ್ನು ಶಾಲೆಗೆ ಕರೆಯುವ ದಾರಿ ಯಾವ ಸುತ್ತೋಲೆಯಲ್ಲೂ ಇಲ್ಲ. ತೀರ್ಪುಗಾರರು ಸುತ್ತಮುತ್ತಲ ಶಾಲೆಯ ಶಿಕ್ಷಕರೇ, ಪಾಪ, ಬೆಳಿಗ್ಗೆ ಬಂದ ಮೇಲೆ ಅವರಿಗೆ ಕವ್ವಾಲಿಯ ತೀರ್ಪು ಅಂತ ಗೊತ್ತಾಗುತ್ತದೆ.

ನನಗೆ ಜಾಸ್ತಿ ಬೇಜಾರಾಗುವುದು ಕ್ಲೇ ಮಾಡೆಲಿಂಗ್ ನೋಡಿದಾಗ. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆ ದಿನ ಮನೆಮನೆಯಲ್ಲಿ ಎತ್ತು ಮಾಡುತ್ತಾರೆ. ಆಷಾಢದಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನ ಮೂರ್ತಿ ಮಾಡುತ್ತಾರೆ. ಹೊಲದ ಎರೆಮಣ್ಣು ಯಾವ ಹದಕ್ಕೆ ನಾದಿದರೆ ಕೋಡು ಒಣಗುವಾಗ ಬಿರುಕು ಬಿಡುವುದಿಲ್ಲ ಅಂತ ಹತ್ತು ವರ್ಷದ ಮಗುವಿಗೆ ಗೊತ್ತಿರುತ್ತಿತ್ತು. ಈಗ ಬಜಾರಿನಲ್ಲಿ ಅಚ್ಚಿನಲ್ಲಿ ಮಾಡಿದ ಎತ್ತು ಜೋಡಿ ಸಿಗುತ್ತವೆ, ಮಕ್ಕಳ ಕೈಗೆ ಮಣ್ಣು ಹತ್ತುವುದಿಲ್ಲ. ಆ ವಿದ್ಯೆಯನ್ನು ಶಾಲೆ ಹಿಡಿದುಕೊಳ್ಳಬಹುದಿತ್ತು. ಖರ್ಚೂ ಇರಲಿಲ್ಲ, ಮಣ್ಣು ಹೊಲದಲ್ಲೇ ಬಿದ್ದಿದೆ. ಬದಲಿಗೆ ಸ್ಪರ್ಧೆಯ ದಿನ ಒಂದು ಉಂಡೆ ಕ್ಲೇ ಕೈಗೆ ಕೊಟ್ಟು, ಒಂದು ವಿಷಯ ಹೇಳಿ, ಗಡಿಯಾರ ನೋಡುತ್ತಾ ನಿಲ್ಲುತ್ತೇವೆ.

ಎಲ್ಲ ಕಡೆ ಹೀಗೇ ಇದೆ ಅಂತ ಅಲ್ಲ. ಉಡುಪಿ ನೋಡಿ. ಅಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮೂಲಕ ಪ್ರೌಢಶಾಲೆಗಳಿಗೆ ಯಕ್ಷಗಾನದ ಗುರುಗಳು ಹೋಗಿ ಹೆಜ್ಜೆ, ತಾಳ, ಮಾತು ಎಲ್ಲ ಕಲಿಸುತ್ತಾರೆ. ಹುಡುಗಿಯರೂ ಕಲಿಯುತ್ತಾರೆ. ಕೊನೆಗೆ ಕಿಶೋರ ಯಕ್ಷಗಾನ ಸಂಭ್ರಮ ಅಂತ ಒಂದೊಂದೇ ಶಾಲೆಯ ಮಕ್ಕಳು ವೇಷ ಕಟ್ಟಿ ಪೂರ್ತಿ ಪ್ರಸಂಗ ಆಡುತ್ತಾರೆ. ಅಲ್ಲಿ ಒಂದನೇ ಬಹುಮಾನ, ಎರಡನೇ ಬಹುಮಾನ ಮುಖ್ಯ ಅಲ್ಲ, ಆಡುವುದು ಮುಖ್ಯ. ಉಡುಪಿಯಲ್ಲಿ ಆಗುವುದು ನಮ್ಮಲ್ಲಿ ಯಾಕೆ ಆಗಬಾರದು? ನಮ್ಮಲ್ಲಿ ದೊಡ್ಡಾಟ ಇಲ್ಲವೇ, ಸಣ್ಣಾಟ ಇಲ್ಲವೇ, ಶ್ರೀಕೃಷ್ಣ ಪಾರಿಜಾತ ಇಲ್ಲವೇ? ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂದಾಗ ವಾಟ್ಸಾಪಿನಲ್ಲಿ ಅಭಿನಂದನೆ ಹಾಕಿದ್ದೇ ಹಾಕಿದ್ದು. ಪರದೆ ಹಿಂದೆ ದೀಪ ಇಟ್ಟು, ಗೊಂಬೆಯನ್ನು ಹತ್ತಿರ ದೂರ ಮಾಡಿ ನೆರಳು ದೊಡ್ಡದಾಗುವುದನ್ನು ತೋರಿಸಿದರೆ ಅದೇ ಬೆಳಕಿನ ಪಾಠ, ಅದೇ ಮಹಾಭಾರತ, ಅದೇ ಚಿತ್ರಕಲೆ. ನಮ್ಮ ಎಷ್ಟು ಶಾಲೆಯ ಮಕ್ಕಳು ಅದನ್ನು ನೋಡಿದ್ದಾರೆ ಹೇಳಿ.

ಇಂಥ ಕಲಾವಿದರಿಗೆ ವಯಸ್ಸಾದ ಮೇಲೆ ಸರ್ಕಾರದ ಇನ್ನೊಂದು ಇಲಾಖೆ ಮಾಸಾಶನ ಕೊಡುತ್ತದೆ. ಕೊಡಲಿ, ಕೊಡಬೇಕು. ಆದರೆ ಕಂಠ ಗಟ್ಟಿ ಇರುವಾಗ, ಕೈ ನಡುಗದೆ ಇರುವಾಗ ಅವರನ್ನು ಶಾಲೆಗೆ ಕರೆದು, ಪೀರಿಯಡ್ ಲೆಕ್ಕದಲ್ಲಿ ಮರ್ಯಾದೆಯ ಸಂಬಳ ಕೊಡಿ. "ಸೇವಾ ಮನೋಭಾವದಿಂದ" ಅನ್ನುವ ಪದ ಮಾತ್ರ ಆದೇಶದಲ್ಲಿ ಬೇಡ, ದಯವಿಟ್ಟು. ಗಣಿತದ ಅತಿಥಿ ಶಿಕ್ಷಕರನ್ನು ಯಾರೂ ಪುಕ್ಕಟೆ ಕರೆಯುವುದಿಲ್ಲ. ಡಿಗ್ರಿ ಸರ್ಟಿಫಿಕೇಟ್ ಎಲ್ಲಿ ಅಂತಲೂ ಕೇಳಬೇಡಿ. ಇನ್ನೊಂದು ಕಡೆ ಡ್ರಾಯಿಂಗ್ ಡಿಪ್ಲೊಮಾ, ಫೈನ್ ಆರ್ಟ್ಸ್ ಡಿಗ್ರಿ ಮಾಡಿ ಸರ್ಟಿಫಿಕೇಟ್ ಹಿಡಿದುಕೊಂಡು ನೇಮಕಾತಿಗೆ ಕಾಯುತ್ತಾ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವ ಹುಡುಗರು ನಮ್ಮ ಪೇಟೆಯಲ್ಲೇ ಇದ್ದಾರೆ. ನೀನಾಸಂನಲ್ಲಿ, ರಂಗಾಯಣದಲ್ಲಿ ನಾಟಕ ಕಲಿತು ಬಂದವರು ಊರೂರಲ್ಲಿ ಇದ್ದಾರೆ. ಹಿಂದೆ ಒಮ್ಮೆ ಸರ್ಕಾರವೇ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿತ್ತು, ಅವರಿರುವ ಶಾಲೆಗಳ ಮಕ್ಕಳು ಮಾತಾಡುವ ರೀತಿಯೇ ಬೇರೆ. ಅಂದರೆ ಜನ ಇದ್ದಾರೆ, ಮಾಡಿದ ಅನುಭವವೂ ಇದೆ.

ಎರಡು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಒಂದು, ಕಲಾ ಶಿಕ್ಷಣ ಅಂದ ಕೂಡಲೇ ಕಿಟ್ ಟೆಂಡರ್ ಕರೆಯಬೇಡಿ. ಒಣಗಿದ ಸ್ಕೆಚ್ ಪೆನ್ನಿನ ಡಬ್ಬಿಗಳು ಬೀರುವಿನಲ್ಲಿ ಕೊಳೆಯುವುದನ್ನು ನೋಡಿದ್ದೇನೆ, ಸ್ಟಾಕ್ ರಿಜಿಸ್ಟರ್‌ಗೆ ಹೆದರಿ ಮಕ್ಕಳ ಕೈಗೇ ಕೊಟ್ಟಿರುವುದಿಲ್ಲ. ಇದ್ದಿಲು, ಸುಣ್ಣ, ಕೆಮ್ಮಣ್ಣು, ಅರಿಶಿನ, ಹಳೇ ಪೇಪರ್ ಇದ್ದರೆ ಒಂದು ವರ್ಷ ಆರಾಮವಾಗಿ ನಡೆಯುತ್ತದೆ. ಎರಡು, ಇದಕ್ಕೆ ಅಂಕ ಬೇಡ. ಅಂಕ ಬಂದರೆ ಗೈಡ್ ಬರುತ್ತದೆ, ಗೈಡ್ ಬಂದರೆ "ತಂಬಿಗೆ ಬರೆಯುವ ವಿಧಾನ, ಐದು ಅಂಕ" ಅಂತ ಬಾಯಿಪಾಠ ಶುರುವಾಗುತ್ತದೆ.

ತಿಂಗಳಿಗೊಂದು ಬ್ಯಾಗಿಲ್ಲದ ಶನಿವಾರ, ಸಂಭ್ರಮ ಶನಿವಾರ ಅಂತ ಮಾಡಿದ್ದೀರಿ. ಆ ದಿನವಾದರೂ ಶಾಲೆಯ ಒಂದು ಗೋಡೆಯನ್ನು ಮಕ್ಕಳಿಗೆ ಬಿಟ್ಟುಕೊಡಿ ಎಂದು ಹೇಳಲು ಆಗುತ್ತದೆಯೇ ನೋಡಿ. ರೈಲು ಬರೆಯುವ ಕೆಲಸ ನನ್ನ ಕೈ ತಪ್ಪಬಹುದು, ಪರವಾಗಿಲ್ಲ. ಮಕ್ಕಳು ಬರೆದರೆ ಬೋಗಿ ಸೊಟ್ಟ ಆಗುತ್ತದೆ, ಕಿಟಕಿಯಲ್ಲಿ ಎಮ್ಮೆ ಕೂತಿರುತ್ತದೆ. ಅಧಿಕಾರಿಗಳು ಬಂದಾಗ ಚೆನ್ನಾಗಿ ಕಾಣುವುದಿಲ್ಲ ಅಂತ ಹೆಡ್ ಮಾಸ್ತರು ಹೆದರುತ್ತಾರೆ. ಹೆದರಬೇಡಿ ಅಂತ ನಿಮ್ಮಿಂದ ಒಂದು ಸಾಲಿನ ಆದೇಶ ಬಂದರೆ ಸಾಕು.

ದೊಡ್ಡ ನೇಮಕಾತಿಗೆ ಹಣಕಾಸು ಇಲಾಖೆ ಒಪ್ಪಬೇಕು, ಕೋರ್ಟು ಕಚೇರಿ ಇರುತ್ತದೆ, ಟೈಮ್ ಹಿಡಿಯುತ್ತದೆ, ಗೊತ್ತು. ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಕೆಲಸ ಮಾಡಿ. ಮುಂದಿನ ಪ್ರತಿಭಾ ಕಾರಂಜಿಯ ಎಂಟ್ರಿ ಫಾರಂನಲ್ಲಿ ಮಗುವಿನ ಹೆಸರು, ತರಗತಿ, ಸ್ಪರ್ಧೆಯ ಹೆಸರಿನ ಪಕ್ಕ ಎರಡು ಕಾಲಂ ಸೇರಿಸಿ. ಈ ಕಲೆಯನ್ನು ಶಾಲೆಯಲ್ಲಿ ಕಲಿಸಿದವರು ಯಾರು? ವಾರಕ್ಕೆ ಎಷ್ಟು ಪೀರಿಯಡ್? ಖಾಲಿ ಬಿಟ್ಟರೂ ಫಾರಂ ತಿರಸ್ಕರಿಸಬೇಡಿ, ಮಗುವಿನ ತಪ್ಪಲ್ಲ ಅದು. ರಾಜ್ಯದ ಎಲ್ಲ ಕ್ಲಸ್ಟರ್‌ಗಳ ಫಾರಂ ಬಂದ ಮೇಲೆ ಖಾಲಿ ಬಿಟ್ಟವು ಎಷ್ಟು, ತುಂಬಿದವು ಎಷ್ಟು ಅಂತ ಎಣಿಸಿ, ಆ ಲೆಕ್ಕವನ್ನು ವಿಧಾನಸಭೆಯಲ್ಲಿ ಇಡಿ. ಬಜೆಟ್ ಕೇಳಲು ಅದಕ್ಕಿಂತ ಒಳ್ಳೆಯ ಕಾಗದ ನಿಮಗೆ ಸಿಗುವುದಿಲ್ಲ. ಆ ಹೊಸ ಫಾರಂಗೆ ಗೆರೆ ಹಾಕಿಕೊಡಲು ಯಾರೂ ಸಿಗದಿದ್ದರೆ ನಾನಿದ್ದೇನೆ.

ಇಂತಿ ನಮಸ್ಕಾರಗಳೊಂದಿಗೆ,
ಗದಗ ಜಿಲ್ಲೆಯ ಒಬ್ಬ ಬೋರ್ಡ್ ಪೇಂಟರ್